ಓನರಮ್ಮನ ಸೆರಗಿನ ದಾರ

ಪುದೀನದ ವಾಸನೆ ಬಂದರೆ ಯಾರಿಗಾದರೂ ಚಟ್ನಿಯೋ ಪಲಾವೋ ನೆನಪಾಗಬೇಕು. ನನಗೆ ಮಾತ್ರ ಈಚೆಗೆ, ಎಂದೋ ತೀರಿಹೋದ ಒಬ್ಬರು ನೆನಪಾಗುತ್ತಾರೆ. ಒಸಡಿನಲ್ಲಿ ರಕ್ತ ಬರುತ್ತದೆ ಎಂದು ಯಲಹಂಕದ ಹಲ್ಲಿನ ಡಾಕ್ಟರ ಹತ್ತಿರ ಹೋದರೆ, ಅವರು ಒಂದು ಪುಟ್ಟ ಬಿಳಿ ಡಬ್ಬಿ ಕೊಟ್ಟು ಕಳಿಸಿದರು. ಒಳಗೆ ಮೇಣ ಸವರಿದ, ಪುದೀನ ವಾಸನೆಯ ದಾರ. ಅದನ್ನು ಬೆರಳುಗಳಿಗೆ ಸುತ್ತಿಕೊಂಡು ಹಲ್ಲಿನ ಸಂದಿಗಳಲ್ಲಿ ಎಳೆಯಬೇಕಂತೆ. ಫ್ಲಾಸ್ ಎಂದು ಅದರ ಹೆಸರು, ದಿನಾ ಮಾಡಬೇಕು ಮೇಡಂ ಎಂದರು. ಮನೆಗೆ ಬಂದು ಕನ್ನಡಿ ಮುಂದೆ ನಿಂತು ದಾರ ಎಳೆದೆ. ಅದು ಟಪ್ಪೆಂದು ತುಂಡಾಯಿತು. ಆ ಸದ್ದಿಗೆ ನನ್ನ ಕೈ ಅಲ್ಲೇ ನಿಂತಿತು. ಹಿಂದೆ ಯಾರೋ ಕೂತಿದ್ದಾರೆ ಅನ್ನಿಸಿ ತಿರುಗಿ ನೋಡಿದೆ ಎಂದರೆ ನೀವು ನಗಬಹುದು. ನಗಿ, ನೋಡಿದ್ದಂತೂ ನಿಜ.

ಮದುವೆಯಾದ ಹೊಸತರಲ್ಲಿ ನಾವು ಜಕ್ಕೂರಿನ ಹಳೇ ಊರಿನೊಳಗೆ ಬಾಡಿಗೆಗಿದ್ದೆವು. ಆ ಮನೆಯ ಯಜಮಾನಿಯನ್ನು ಬಾಡಿಗೆಯವರೆಲ್ಲ ಓನರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೆಸರು ಕೇಳುವಷ್ಟು ಸಲಿಗೆ ಬರುವ ಹೊತ್ತಿಗೆ ಕೇಳುವ ಅಗತ್ಯವೇ ಇರಲಿಲ್ಲ. ಗಂಡ ತೀರಿಕೊಂಡಿದ್ದರು. ಕೆರೆಯ ಕಡೆ ರಾಗಿ ಬೆಳೆಯುವ ಹೊಲ, ಎರಡು ಸೀಮೆಹಸು, ಒಬ್ಬನೇ ಮಗ, ಒಬ್ಬಳು ಸೊಸೆ. ಸೊಸೆ ನನ್ನ ವಾರಿಗೆಯವಳು, ಹಾಗಾಗಿ ನಮ್ಮಿಬ್ಬರದು ಬೇಗ ಹೊಂದಿಕೆಯಾಯಿತು. ಆದರೆ ನಾನು ಹೆಚ್ಚು ಹೊತ್ತು ಕೂತಿರುತ್ತಿದ್ದದ್ದು ಜಗುಲಿಯ ಮೇಲೆ, ಅತ್ತೆಯ ಪಕ್ಕ.

ಮಧ್ಯಾಹ್ನದ ಮುದ್ದೆ ಊಟ ಮುಗಿದು, ಎಲೆ ಅಡಿಕೆಯೂ ಆದ ಮೇಲೆ, ಓನರಮ್ಮ ತಮ್ಮ ನೂಲಿನ ಸೀರೆಯ ಸೆರಗಿನ ಅಂಚನ್ನು ಬೆರಳಲ್ಲಿ ತಡಕುತ್ತಿದ್ದರು. ಒಂದು ಎಳೆ ಸಿಕ್ಕರೆ ಅದನ್ನು ಸುರ್ರೆಂದು ಎಳೆದು ಟಪ್ಪೆಂದು ಕೀಳುವುದು. ತೊಡೆಯ ಮೇಲೆ ಇಟ್ಟು ಅಂಗೈಯಿಂದ ಒಮ್ಮೆ ಹೊಸೆಯುವುದು. ಎಳೆ ಕಿತ್ತೂ ಕಿತ್ತೂ ಅವರ ಸೀರೆಗಳ ಸೆರಗುಗಳೆಲ್ಲ ಇಲಿ ಕಡಿದ ಹಾಗಿದ್ದವು. ಆಮೇಲೆ ಸ್ವಲ್ಪ ಹೊತ್ತು ಅವರು ಮಾತಾಡುತ್ತಿರಲಿಲ್ಲ. ನಾನು ತಲೆ ಎತ್ತಿ, ಫ್ಲೈಯಿಂಗ್ ಕ್ಲಬ್ಬಿನ ಕಡೆಯಿಂದ ಎದ್ದು ಗುಂಯ್ಗುಡುತ್ತಾ ಸುತ್ತು ಹಾಕುವ ಪುಟ್ಟ ವಿಮಾನಗಳನ್ನು ನೋಡುತ್ತಿದ್ದೆ... ಇಳಿಬಿಸಿಲು, ಗಂಜಿ ಹಾಕಿದ ಬಟ್ಟೆಯ ವಾಸನೆ, ಲವಂಗದ ವಾಸನೆ.

ಬೆಳಗ್ಗೆ ಅವರು ಹಲ್ಲು ತಿಕ್ಕುತ್ತಿದ್ದದ್ದು ಬರೀ ನೆಪಕ್ಕೆ. ಕೆಂಪು ಹಲ್ಲಿನ ಪುಡಿ, ಎರಡು ಬೆರಳು, ಒಂದು ಚೊಂಬು ನೀರು, ಮುಗಿಯಿತು. ಒಮ್ಮೆ ನಾನು ಕೆಣಕಿದ್ದಕ್ಕೆ, ಬೆಳಗ್ಗೆ ತಿಕ್ಕುವುದು ಊರವರಿಗೆ, ಮಧ್ಯಾಹ್ನ ದಾರ ಹಾಕುವುದು ನಮಗೆ ಎಂದಿದ್ದರು. ಕಬ್ಬನ್ನು ಸಿಪ್ಪೆ ಸಮೇತ ಸಿಗಿದು ತಿನ್ನುತ್ತಿದ್ದ ಹಲ್ಲುಗಳವು. ಎಲೆ ಅಡಿಕೆಗೆ ಬಣ್ಣ ಕೆಟ್ಟಿದ್ದರೂ ಒಂದೂ ಅಲುಗಾಡುತ್ತಿರಲಿಲ್ಲ. ಆ ಹಲ್ಲುಗಳ ಮೇಲೆ ಅವರಿಗೆ ಎಂಥಾ ಅಭಿಮಾನ ಎಂದು ಮೊದಲು ನನಗೆ ತಮಾಷೆ ಅನ್ನಿಸುತ್ತಿತ್ತು. ಅದು ಅಭಿಮಾನವಲ್ಲ, ಭಯ ಎಂದು ಗೊತ್ತಾದದ್ದು ಒಂದು ಮಧ್ಯಾಹ್ನ, ಅವರಾಗೇ ಹೇಳಿದಾಗ. ಅವರ ಬಾಯಲ್ಲಿ ‘ಹ’ ಎಂಬ ಅಕ್ಷರ ಹೊರಡುತ್ತಿರಲಿಲ್ಲ.

“ನಮ್ಮವ್ವ ಮಣ್ಣಿಗೋಗೋವಾಗ್ಲೂ ಬಾಯ್ತುಂಬ ಅಲ್ಲಿತ್ತು ಕಣವ್ವ. ನಾನೂ ಅಂಗೇ ಓಗ್ಬೇಕು. ಬೊಚ್ಚುಬಾಯಾಗಿ ಓದ್ರೆ ಅವ್ವ ನನ್ನ ಗುರ್ತಿಡಿಯಾಕಿಲ್ಲ.”

ಅವರ ತಾಯಿ ತೀರಿಕೊಂಡಾಗ ಇವರಿನ್ನೂ ಹುಡುಗಿ. ಅಲ್ಲಿಂದ ಇಲ್ಲಿಗೆ ಮುಖದಲ್ಲಿ ಉಳಿದದ್ದೆಲ್ಲ ಬದಲಾಗಿದೆ, ಹಲ್ಲು ಮಾತ್ರ ಹಾಗೇ ಇದೆ, ಅದನ್ನು ನೋಡಿಯೇ ಅವ್ವ ಕೈ ಹಿಡಿಯಬೇಕು ಎಂಬುದು ಅವರ ಲೆಕ್ಕಾಚಾರ. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಆಮೇಲೆ ಹೊಲ ಹೋಯಿತು, ದುಡ್ಡು ಬಂತು. ಹೆಂಚಿನ ಮನೆ ಕೆಡವಿ ಲಿಫ್ಟು ಇರುವ ಮನೆ ಎದ್ದಿತು. ನಾವು ಪಕ್ಕದ ಬೀದಿಯ ಬಾಡಿಗೆ ಮನೆಗೆ ಹೋದೆವು, ಹೋಗಿಬರುವುದು ಮಾತ್ರ ನಿಲ್ಲಲಿಲ್ಲ. ಮಗ ಬಿಲ್ಡರ್ ಆದ. ಗೃಹಪ್ರವೇಶದ ದಿನ ಓನರಮ್ಮನಿಗೆ ರೇಷ್ಮೆ ಸೀರೆ ಉಡಿಸಿ ಸೋಫಾದ ಮೇಲೆ ಕೂರಿಸಿದ್ದರು. ಮಗನ ಪಾರ್ಟ್‌ನರುಗಳ ಹೆಂಡತಿಯರೆಲ್ಲ ಸುತ್ತ ಕೂತಿದ್ದರು. ಊಟವಾಯಿತು, ಎಲೆ ಅಡಿಕೆಯಾಯಿತು, ಕೈ ತನ್ನಷ್ಟಕ್ಕೆ ಸೆರಗಿಗೆ ಹೋಯಿತು. ಎಳೆದರು. ಬಂದದ್ದು ನೂಲಲ್ಲ, ಜರಿ. ಅದು ಸುರುಳಿಸುರುಳಿಯಾಗಿ ಬಂದೇ ಬಂತು, ಅಂಚೆಲ್ಲ ಸುಕ್ಕುಗಟ್ಟಿತು. ಪಾರ್ಟ್‌ನರುಗಳ ಹೆಂಡತಿಯರು ನಕ್ಕರು, ನಾನೂ ನಕ್ಕೆ, ಓನರಮ್ಮನೂ ನಕ್ಕರು. ಸೊಸೆ ಮಾತ್ರ ನಗಲಿಲ್ಲ.

ಅವಳೇನು ಕೆಟ್ಟವಳಲ್ಲ, ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಅತ್ತೆಯನ್ನು ಬಯ್ಯಲಿಲ್ಲ, ದಾರ ಕೀಳಬೇಡಿ ಎಂದೂ ಹೇಳಲಿಲ್ಲ. ದೊಡ್ಡ ಮನೆಗೆ ಸರಿಹೊಂದುವ ಹಾಗೆ ಅತ್ತೆಗೆ ಒಳ್ಳೆಯ ಸಿಂಥೆಟಿಕ್ ಸೀರೆಗಳನ್ನು ತಂದಳು. ಗಂಜಿ ಬೇಡ, ಇಸ್ತ್ರಿ ಬೇಡ, ಮಷಿನ್ನಿಗೆ ಹಾಕಿದರೆ ಸಾಕು. ಸೆರಗು ಕಿತ್ತುಹೋದ ಹಳೇ ನೂಲಿನ ಸೀರೆಗಳನ್ನೆಲ್ಲ ಗಂಟು ಕಟ್ಟಿ, ಬೀದಿಯಲ್ಲಿ ಬರುವ ಪಾತ್ರೆಯವಳಿಗೆ ಕೊಟ್ಟು ಒಂದು ಸ್ಟೀಲ್ ಡಬರಿ ತೆಗೆದುಕೊಂಡಳು. ಅದರಲ್ಲಿ ಕಾಯಿಸಿದ ಹಾಲಿನ ಕಾಫಿ ನಾನೂ ಕುಡಿದಿದ್ದೇನೆ.

ಹೊಸ ಸೀರೆಗಳ ಅಂಚಿನಿಂದ ಎಳೆ ಬರುತ್ತಿರಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ, ಬೆರಳು ತಡಕುತ್ತಲೇ ಇರುತ್ತಿತ್ತು, ಅಂಚು ಜಾರುತ್ತಲೇ ಇರುತ್ತಿತ್ತು. ಈ ಸೀರೆ ದಾರವನ್ನೇ ಬಿಡುವುದಿಲ್ಲ ಎಂದು ನನ್ನ ಹತ್ತಿರ ದೂರಿದರು. ನಾನು ನನ್ನ ಹೊಲಿಗೆ ಮಷಿನ್ನಿನ ದಾರದ ಉಂಡೆ ಕೊಟ್ಟೆ. ಮಾರನೆಯ ದಿನ ವಾಪಸ್ಸು ಬಂತು. ಒಸಡು ಕುಯ್ದುಹೋಯಿತಂತೆ, ಅದು ಬಟ್ಟೆಗೆ ಸರಿ, ಬಾಯಿಗಲ್ಲವಂತೆ. ಹೂ ಕಟ್ಟುವ ದಾರ ತಂದುಕೊಟ್ಟರೆ ಅದು ದಪ್ಪ. ಮೈಮೇಲೆ ವರ್ಷಗಟ್ಟಲೆ ಉಟ್ಟು, ಒಗೆದು ಒಗೆದು ಮೆತ್ತಗಾದ ನೂಲಿನ ಎಳೆಯೇ ಬೇಕಿತ್ತು ಅವರಿಗೆ. ಅದು ಇನ್ನು ಎಲ್ಲಿಂದ ಬರಬೇಕು... ಕೆಲವು ದಿನ ಕಳೆದ ಮೇಲೆ ಕೈ ಸೆರಗಿಗೆ ಹೋಗುವುದನ್ನು ಬಿಟ್ಟಿತು.

ಆಮೇಲೆ ಹಲ್ಲು ಅಲುಗಾಡಲು ಶುರುವಾದವು. ಅದೇ ಹೊತ್ತಿಗೆ ಶುಗರ್ ಕೂಡಾ ಇದೆ ಎಂದು ಗೊತ್ತಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಈಗ ಯಾರೂ ಹೇಳಲಾರರು. ಮೊದಲನೆಯದು ಬಿದ್ದದ್ದು ಹುರಿದ ಕಡಲೆಕಾಯಿ ಅಗಿಯುವಾಗ. ಹುಳುಕಿಲ್ಲದ, ಬೇರು ಸಮೇತ ಬಂದ ಹಲ್ಲು. ಅಂಗೈಲಿಟ್ಟುಕೊಂಡು ನೋಡಿದರು. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಎಂದು ಗಾದೆ ಹೇಳಿ ನಗಿಸಿದರು. ಮುದ್ದೆ ನುಂಗುವುದಕ್ಕೆ ಹಲ್ಲೇಕೆ ಬಿಡಮ್ಮ ಎಂದು ಮಗ ಅಂದಾಗ ಮಾತ್ರ ಎದ್ದು ಒಳಗೆ ಹೋದರು.

ಬಿದ್ದ ಹಲ್ಲುಗಳನ್ನು ಅವರು ಎಸೆಯಲು ಬಿಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಾಡುತ್ತಿದ್ದರು. ಮಣ್ಣಿಗೆ ಹೋಗುವಾಗ ಜೊತೆಗಿರಲಿ ಎಂದು. ಒಂದು ದಿನ ಆ ಸೀರೆ ಗಂಟು ಸಮೇತ ವಾಷಿಂಗ್ ಮಷಿನ್ನಿಗೆ ಹೋಗಿಬಿಟ್ಟಿತು. ನಾನು ಅಂದು ಅವರ ಮನೆಯಲ್ಲೇ ಇದ್ದೆ. ಮಷಿನ್ನಿನೊಳಗೆ ಕಟಕಟ ಎಂದು ಸದ್ದು. ಮಕ್ಕಳ ಅಂಗಿಯ ಗುಂಡಿ ಇರಬೇಕು ಎಂದುಕೊಂಡಳು ಸೊಸೆ. ಓನರಮ್ಮ ಬಾಗಿಲಲ್ಲಿ ಬಂದು ನಿಂತು, ಆ ಸದ್ದು ನಿಲ್ಲುವವರೆಗೆ ಕೇಳಿಸಿಕೊಂಡರು. ಬಟ್ಟೆ ತೆಗೆದಾಗ ಗಂಟು ಬಿಚ್ಚಿಹೋಗಿತ್ತು. ಸೊಸೆ ಅಳುತ್ತಾ ಮಷಿನ್ನಿನ ಪೈಪನ್ನು ಕೂಡಾ ಬಿಚ್ಚಿ ಹುಡುಕಿದಳು. ಏನೂ ಸಿಗಲಿಲ್ಲ. ಇವತ್ತಿಗೂ ನಮ್ಮ ಮಷಿನ್ನಿನಲ್ಲಿ ಏನಾದರೂ ಕಟಕಟ ಎಂದರೆ ನಾನು ಓಡಿಹೋಗಿ ಆಫ್ ಮಾಡುತ್ತೇನೆ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂದು ಅವರು ಡಾಕ್ಟರ ಹೆಸರೆತ್ತಲು ಬಿಡುತ್ತಿರಲಿಲ್ಲ. ಕೊನೆಗೆ ನೋವು ತಡೆಯಲಾರದೆ ಒಪ್ಪಿದರು. ಆರ್.ಟಿ. ನಗರದ ಕ್ಲಿನಿಕ್ಕಿಗೆ ಸೊಸೆ ಕರೆದುಕೊಂಡು ಹೋದಳು, ನಾನೂ ಜೊತೆಗಿದ್ದೆ. ಮೊದಲು ಯಾವುದರಿಂದ ಸ್ವಚ್ಛ ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರು. ಸೊಸೆ ನಗುತ್ತಾ ಸೀರೆ ದಾರದ ಕಥೆ ಹೇಳಿದಳು. ಡಾಕ್ಟರು, ಒಳ್ಳೆಯ ಅಭ್ಯಾಸವೇ ಆಗಿತ್ತಲ್ಲ ಎಂದರು. ಆದರೆ ಶುಗರ್ ಇದ್ದಾಗ ಒಸಡು ಹೀಗೂ ಆಗುತ್ತದೆ, ಅದೊಂದರಿಂದಲೇ ಹಲ್ಲು ಉಳಿಯುತ್ತಿತ್ತು ಎನ್ನಲಾಗದು ಎಂದೂ ಹೇಳಿದರು. ಓನರಮ್ಮ ಮೊದಲ ಮಾತನ್ನು ಮಾತ್ರ ಕೇಳಿಸಿಕೊಂಡರು. ಸೊಸೆಯ ಕಡೆ ತಿರುಗಿ ಒಮ್ಮೆ ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅಲ್ಲಿಗೇ ಮುಗಿದುಹೋಗುತ್ತಿತ್ತು.

ಉಳಿದ ಹಲ್ಲುಗಳೂ ಹೋದ ಮೇಲೆ ಕಟ್ಟಿಸಿದ ಹಲ್ಲಿನ ಸೆಟ್ಟು ಬಂತು. ಅದು ಸ್ಟೀಲ್ ಲೋಟದ ನೀರಿನಲ್ಲಿ ಕಿಟಕಿಯ ಮೇಲೆ ಕೂತಿರುತ್ತಿತ್ತು. ಓನರಮ್ಮ ಆ ಕಿಟಕಿಗೆ ಬೆನ್ನು ಹಾಕಿ ಮಲಗುತ್ತಿದ್ದರು. ಮದುವೆ ಮುಂಜಿಗೆ ಮಾತ್ರ ಹಾಕಿಕೊಳ್ಳುತ್ತಿದ್ದರು. ಹಾಕಿಕೊಂಡರೆ ಬೇರೆ ಯಾರೋ ಅವರ ಬಾಯಿಂದ ನಗುತ್ತಿದ್ದ ಹಾಗೆ ಕಾಣುತ್ತಿತ್ತು. ಈಗ ಅವರ ಮನೆಯ ಗೋಡೆ ಮೇಲೆ ಹಾರ ಹಾಕಿರುವ ಫೋಟೋ ಅಂಥದ್ದೇ ಒಂದು ಮದುವೆಯಲ್ಲಿ ತೆಗೆದದ್ದು. ನಾನು ಆ ಫೋಟೋವನ್ನು ನೆಟ್ಟಗೆ ನೋಡುವುದಿಲ್ಲ.

ಅವರು ಹೋದಾಗ ನಾವು ಯಲಹಂಕಕ್ಕೆ ಬಂದಾಗಿತ್ತು. ಸುದ್ದಿ ತಿಳಿದು ಹೋದೆ. ಕಾರು ನಿಲ್ಲಿಸುವ ಜಾಗದಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ಬಾಯಿ ಒಳಕ್ಕೆ ಸೇರಿ ಮುಖ ಪುಟ್ಟದಾಗಿತ್ತು. ಸೆಟ್ಟು ಹಾಕಬೇಕೋ ಬೇಡವೋ ಎಂದು ಮಾತು ನಡೆದಿತ್ತು. ಜನ ಬಂದು ನೋಡುತ್ತಾರೆ, ಹಾಕಿ ಎಂದ ಮಗ. ಮೈಯಲ್ಲಿ ಹುಟ್ಟದೇ ಇರುವುದು ಮಣ್ಣಿಗೆ ಹೋಗಬಾರದು ಎಂದರು ಊರಿನ ಹಿರಿಯರೊಬ್ಬರು. ನನಗೆ ಜಗುಲಿಯ ಆ ಮಾತು ನೆನಪಾಯಿತು. ಹಾಕಿದರೂ ಅವ್ವ ಗುರುತು ಹಿಡಿಯುವುದಿಲ್ಲ, ಹಾಕದಿದ್ದರೂ ಹಿಡಿಯುವುದಿಲ್ಲ. ಎಲ್ಲರೂ ಸೊಸೆಯ ಮುಖ ನೋಡಿದರು. ಲೋಟ ಅವಳ ಕೈಯಲ್ಲೇ ಇತ್ತು.

“ಬೇಡ. ಅದು ಅತ್ತೇದಲ್ಲ” ಎಂದಳು.

ಬಾಯಿಗೆ ಅಕ್ಕಿ ಹಾಕುವಾಗ ಅದು ಒಳಗೆ ನಿಲ್ಲದೆ ಕೆನ್ನೆಯ ಮೇಲೆ ಜಾರುತ್ತಿತ್ತು. ಪ್ರತಿ ಸಲವೂ ಸೊಸೆ ಬಗ್ಗಿ ಒರೆಸುತ್ತಿದ್ದಳು. ಕೆರೆಯ ಕಡೆ ಉಳಿಸಿಕೊಂಡಿದ್ದ ತುಂಡು ಜಾಗದಲ್ಲಿ, ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒತ್ತಿಕೊಂಡು, ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು.

ಆ ಸೆಟ್ಟು ಈಗಲೂ ಅವಳ ಬೀರುವಿನಲ್ಲಿದೆಯಂತೆ. ಎಸೆಯೋಣವೆಂದರೆ ಹಸಿ ಕಸಕ್ಕೆ ಹಾಕುವುದೋ ಒಣ ಕಸಕ್ಕೆ ಹಾಕುವುದೋ ಎಂದು ಒಮ್ಮೆ ನನ್ನನ್ನೇ ಕೇಳಿದ್ದಳು. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರಿಗೂ ನಕ್ಕದ್ದು ತಪ್ಪು ಅನ್ನಿಸಿತು.

ಪುದೀನ ದಾರ ಕೊಟ್ಟ ಡಾಕ್ಟರನ್ನು ಹೋದ ವಾರ ಮತ್ತೆ ನೋಡಿದೆ. ಇದು ನಿಜವಾಗಿಯೂ ಬೇಕೇ ಬೇಕೇ ಎಂದು ಕೇಳಿದೆ. ಬ್ರಷ್ಷು ಹೋಗದ ಕಡೆ ಇದು ಹೋಗುತ್ತದೆ, ಮಾಡಿದರೆ ಒಳ್ಳೆಯದು, ಮಾಡದವರಿಗೆಲ್ಲ ಹಲ್ಲು ಬಿದ್ದೇ ಬೀಳುತ್ತದೆ ಎಂದೇನಿಲ್ಲ ಎಂದರು. ಹೌದು ಅಥವಾ ಅಲ್ಲ ಅನ್ನಿ ಡಾಕ್ಟ್ರೇ ಎಂದು ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಅವರು ವಿಚಿತ್ರವಾಗಿ ನೋಡಿದರು. ಅವರಿಗೇನು ಗೊತ್ತು? ಹೌದು ಎಂದರೆ, ಆ ಹಲ್ಲುಗಳನ್ನು ನಾವೇ ಒಂದು ಡಬರಿಗೆ ಕೊಟ್ಟ ಹಾಗಾಯಿತು. ಅಲ್ಲ ಎಂದರೆ, ಅಷ್ಟು ಮಧ್ಯಾಹ್ನಗಳು ಓನರಮ್ಮ ಸುಮ್ಮನೆ ಸೀರೆ ಹರಿದುಕೊಂಡ ಹಾಗಾಯಿತು. ಎರಡರಲ್ಲಿ ಯಾವುದನ್ನು ಕೇಳಲು ಹೋಗಿದ್ದೆನೋ ನನಗೇ ತಿಳಿಯದು.

ನಿನ್ನೆ ಸೊಸೆ ಫೋನು ಮಾಡಿದಳು. ಸೊಸೆ ಎನ್ನುತ್ತೇನೆ, ಅವಳಿಗೂ ಈಗ ತಲೆ ನರೆತಿದೆ, ಅವಳೂ ಅತ್ತೆಯಾಗಿದ್ದಾಳೆ. ಅವಳಿಗೂ ಶುಗರ್ ಬಂದಿದೆ, ಕೆಳಗಿನ ಎರಡು ಹಲ್ಲು ಸಡಿಲವಾಗಿವೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ನನ್ನದೂ ಬಂತು ನೋಡು ಎಂದಳು. ಅವಳಿಗೂ ಡಾಕ್ಟರು ದಾರದ ಡಬ್ಬಿ ಕೊಟ್ಟಿದ್ದಾರೆ. ಎಷ್ಟು ಮಾಡಿದರೂ ಸಂದಿಯಲ್ಲಿ ಇಳಿಯುವುದಿಲ್ಲವಂತೆ, ಇಳಿದರೆ ರಕ್ತವಂತೆ. ಆಮೇಲೆ ಮೆಲ್ಲಗೆ ಕೇಳಿದಳು.

“ಅತ್ತೆ ಹೆಂಗೆ ಹಾಕ್ತಿದ್ರೇ ದಾರ? ನಾನು ಒಳಗೇ ಇರ್ತಿದ್ದೆ. ನೀನು ಪಕ್ಕದಲ್ಲೇ ಕೂತಿರ್ತಿದ್ದಲ್ಲ.”

ಹೇಳಲು ಶುರು ಮಾಡಿದೆ. ಅಂಚು ತಡಕಿ ಎಳೆ ಹುಡುಕುತ್ತಿದ್ದರು, ಕೀಳುತ್ತಿದ್ದರು, ತೊಡೆ ಮೇಲೆ ಹೊಸೆಯುತ್ತಿದ್ದರು, ಆಮೇಲೆ... ಆಮೇಲೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಎರಡು ಕೈಯೂ ಅದರೊಳಗೆ. ಹಿರಿಯರ ಬಾಯಿ ನೋಡಬಾರದೆಂದು ನಾನು ಬೇರೆ ಕಡೆ ನೋಡುತ್ತಿದ್ದೆ. ಅಷ್ಟು ವರ್ಷ ಪಕ್ಕದಲ್ಲಿ ಕೂತು ಒಂದು ದಿನವೂ ನೋಡಿಲ್ಲ.

“ಆಮೇಲೆ?” ಎಂದಳು.

ಗೊತ್ತಿಲ್ಲ ಕಣೆ ಎಂದೆ. ಅವಳು ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ಕೇಳೋಣವೆಂದರೆ ಇನ್ನು ಯಾರೂ ಉಳಿದಿಲ್ಲ.