ಅಕ್ಕೋರಿಗೆ ಉಳಿದ ಭಾಷೆ

ಮೊನ್ನೆ, ನಾನು ದುಭಾಷಿಯಾಗಿ ಕೆಲಸ ಮಾಡುವ ಆಸ್ಪತ್ರೆಯಲ್ಲಿ, ಯಾರೋ ಕೈಗೆ ಹಚ್ಚಿಕೊಂಡಿದ್ದ ನೋವಿನೆಣ್ಣೆಯ ವಾಸನೆ ಬಂತು. ಅಷ್ಟೇ ಸಾಕಾಯಿತು ನೋಡಿ, ಅಕ್ಕೋರು ನೆನಪಾದರು.

ನನಗೆ ಈ ವಿದ್ಯೆ ಕಲಿಸಿದವರು ಅವರು. ಬಾಗಲಕೋಟೆ ಕಡೆಯವರು, ಮರಾಠಿ ಮನೆಯ ಸೊಸೆಯಾಗಿ ಪುಣೆಗೆ ಬಂದು ಇಲ್ಲೇ ಮುಪ್ಪಾದವರು. ಪಾಠ ಕಾತ್ರಜದ ಅವರ ಮನೆಯಲ್ಲೇ. ಅವರ ಯಜಮಾನರು, ನನ್ನ ಬಾಯಲ್ಲಿ ಕಾಕಾ, ಮರಾಠಿ ಡಾಕ್ಟರ ಪಾತ್ರ ಹಾಕಿ ಗಂಭೀರವಾಗಿ ಕೂರುತ್ತಿದ್ದರು. ಅಕ್ಕೋರು ಕನ್ನಡದ ರೋಗಿ, ಚೆನ್ನಾಗಿ ನರಳುತ್ತಿದ್ದರು. ನಡುವೆ ನಾನು. ಎರಡೂ ಭಾಷೆ ಬರುತ್ತದೆಂಬ ಜಂಬ ಬೇರೆ! ಆದರೆ ಡಾಕ್ಟರು 'ಗಡ್ಡೆ' ಎಂದರೆ ಸಾಕು, “ಹೆದರಬ್ಯಾಡ್ರಿ, ಆರಾಮ ಆಗ್ತದ” ಎಂದು ನಾನೇ ಸೇರಿಸಿಬಿಡುತ್ತಿದ್ದೆ.

“ನೀ ಡಾಕ್ಟರೂ ಅಲ್ಲ, ದೇವರೂ ಅಲ್ಲ. ಅವರು ಅಂದಷ್ಟ ಹೇಳವಾ,” ಎಂದು ಅಕ್ಕೋರು ಗದರುತ್ತಿದ್ದರು.

ಇಷ್ಟು ವರ್ಷ ಕೂಡಿ ಬಾಳಿದರೂ ಕಾಕಾ ಕನ್ನಡ ಕಲಿತಿರಲಿಲ್ಲ. ಕೇಳಿದರೆ, “ಇವಳಿಗೆ ಮರಾಠಿ ಬರುತ್ತಲ್ಲ!” ಎಂದು ನಗುತ್ತಿದ್ದರು.

ನನ್ನ ಪಾಠ ಮುಗಿಯುವ ಮೊದಲೇ ಅಕ್ಕೋರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮರಾಠಿ ಉಳಿಯಲಿಲ್ಲ. ಬಾಯಿಂದ ಬರುವುದೆಲ್ಲ ತವರಿನ ಕನ್ನಡ. ಕಾಕಾ ಫೋನು ಮಾಡಿ ನನ್ನನ್ನು ಕರೆಸಿಕೊಂಡರು. ನಾನು ಹೋದಾಗ ಹಾಸಿಗೆಯ ಪಕ್ಕ ಕೂತು, ಅಕ್ಕೋರ ಸೆಟೆದ ಕೈಗೆ ನೋವಿನೆಣ್ಣೆ ತಿಕ್ಕುತ್ತಿದ್ದರು.

ಅಕ್ಕೋರು ಅವರನ್ನೇ ದಿಟ್ಟಿಸಿ ನೋಡಿ ನನ್ನ ಕಡೆ ತಿರುಗಿದರು. “ಇವರು ಯಾರವಾ? ಭಾಳ ಚಲೋರು ಕಾಣ್ತಾರ.”

“ಏನಂದಳು?” ಎಂದು ಕಾಕಾ ಕೇಳಿದರು.

ಏನಾದರೂ ಹಿತವಾದದ್ದನ್ನು ಸೇರಿಸಲು ನಾಲಗೆ ಚಡಪಡಿಸಿತು. ಆದರೂ ಅಂದದ್ದಷ್ಟನ್ನೇ ಹೇಳಿದೆ. ಕಾಕಾ ತಲೆ ತಗ್ಗಿಸಿದರು. ಎಣ್ಣೆ ತಿಕ್ಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ತುಸು ಹೊತ್ತಿನ ಮೇಲೆ, ನೋವಾಗುತ್ತಿದೆಯಾ ಎಂದು ಕನ್ನಡದಲ್ಲಿ ಹೇಗೆ ಕೇಳಬೇಕು ಎಂದರು. ಹೇಳಿಕೊಟ್ಟೆ.

“ಬ್ಯಾನಿ ಆಗ್ತದೇನು?” ಎಂದು ತೊದಲುತ್ತ ಕೇಳಿದರು.

ಅಕ್ಕೋರ ಮುಖ ಅರಳಿತು. “ಇಲ್ರಿ. ನಿಮಗೂ ಕನ್ನಡ ಬರ್ತದೇನ್ರಿ?”

ಅಂದಿನಿಂದ ನಾನು ಹೋದಾಗಲೆಲ್ಲ ಕಾಕಾ ಹೊಸ ಮಾತು ಕಲಿತರು: ನೀರು ಬೇಕೇನು, ಥಂಡಿ ಆಗ್ತದೇನು, ನಾ ಇಲ್ಲೇ ಅದೀನಿ. ಗಂಡನೆಂದು ಅಕ್ಕೋರಿಗೆ ಕಡೆಗೂ ಗುರುತು ಸಿಗಲಿಲ್ಲ. ಕನ್ನಡ ಮಾತಾಡುವ ಆ ಒಳ್ಳೆಯ ಮನುಷ್ಯನ ಕೈ ಹಿಡಿದುಕೊಂಡೇ ಹೋದರು.

ಆಮೇಲೆ ನಾನು ಆ ಕಡೆ ಹಾಯ್ದಿರಲಿಲ್ಲ. ಮೊನ್ನೆ ಕೆಲಸ ಮುಗಿಸಿ ಸೀದಾ ಹೋದೆ. ಕಾಕಾ ಬಾಗಿಲು ತೆಗೆದು, “ಬಾರವಾ, ಊಟಾ ಆತೇನು?” ಎಂದರು. ರೂಢಿಯಂತೆ ನಾನು ಮರಾಠಿಯಲ್ಲೇ ಉತ್ತರಿಸಿದೆ. ಅವರ ಮುಖ ಸಣ್ಣದಾಯಿತು.

“ಕನ್ನಡದಾಗ ಮಾತಾಡವಾ,” ಎಂದರು. “ಮನ್ಯಾಗ ಈಗ ಯಾರೂ ಮಾತಾಡೂದಿಲ್ಲ.”

ಇನ್ನು ಭಾನುವಾರಗಳಲ್ಲಿ ಅಲ್ಲಿಗೆ ಹೋಗುತ್ತೇನೆ. ಕಾಕಾ ತಪ್ಪುತಪ್ಪಾಗಿ ಮಾತಾಡುತ್ತಾರೆ. ನಾನು ತಿದ್ದುವುದಿಲ್ಲ.