ಸಾಂಬ್ರಾಣಿ ಬುಟ್ಟಿ ಮತ್ತು ನನ್ನ ಮೂಗು

ನಿನ್ನೆ ಮಧ್ಯಾಹ್ನ ಪಕ್ಕದ ಮನೆಯ ಲೋಬಾನದ, ಅಂದರೆ ನಮ್ಮ ಸಾಂಬ್ರಾಣಿಯದೇ, ಹೊಗೆ ಸದಾಶಿವನಗರದ ನಮ್ಮ ಕಿಟಕಿಯೊಳಗೆ ತೇಲಿ ಬಂತು. ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಬಂದಿದ್ದ ಮಗಳು ಸೀನತೊಡಗಿದಳು. ಕಿಟಕಿ ಮುಚ್ಚಲು ಓಡಿದ ನಾನೂ ಸೀನಿದೆ. ಆಸ್ತಿ ಅಂತ ನಾನು ಅವಳಿಗೆ ಕೊಟ್ಟಿರುವುದು ಸದ್ಯಕ್ಕೆ ಈ ಮೂಗೊಂದೇ.

ಚಿಕ್ಕಂದಿನ ಗ್ರೂಪ್ ಫೋಟೋಗಳಲ್ಲಿ ಕಣ್ಣು ಮುಚ್ಚಿ ಬಾಯಿ ತೆರೆದವಳು ಯಾರೆಂದು ನೀವು ಕೇಳಲೇಬೇಕಿಲ್ಲ, ಅದು ನಾನೇ. ರಜೆ ಬಂತೆಂದರೆ ನಿಟ್ಟೂರಿನ ಅಜ್ಜಿ ಮನೆ. ಶುಕ್ರವಾರ ಎಣ್ಣೆ ನೀರಾದ ಮೇಲೆ ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ನನ್ನ ಕೂದಲು ಹರಡುತ್ತಿದ್ದಳು. ಶೀತ ಆಗದಿರಲಿ ಅಂತ. ನಾನು ಸೀನಿದರೆ ಶೀತ ಹತ್ತಿಯೇಬಿಟ್ಟಿತು ಅಂತ ಇನ್ನಷ್ಟು ಸಾಂಬ್ರಾಣಿ ಹಾಕುವಳು. ನಾನು ಇನ್ನಷ್ಟು ಸೀನುವೆ. ಅಜ್ಜಿಯ ಪ್ರೀತಿಗೂ ನನ್ನ ಮೂಗಿಗೂ ಪೈಪೋಟಿ ನಡೆದು, ಒಂದು ಶುಕ್ರವಾರ ನನಗೆ ಉಸಿರೇ ಕಟ್ಟಿತು.

ಅಮ್ಮ, ಅಜ್ಜಿ ಇಬ್ಬರೂ ಸೇರಿ ಶಿರಾ ಗೇಟ್ ಹತ್ತಿರದ ಡಾಕ್ಟರ ಬಳಿ ಕರೆದೊಯ್ದರು. ಇದು ಶೀತವಲ್ಲ, ಅಲರ್ಜಿ ಅಂದರು ಅವರು. ಮೂಗಿನ ಒಳಪೊರೆಯಲ್ಲಿ ಹುಟ್ಟುವಾಗಲೇ ಬಂದ ಕಾವಲು ಇರುತ್ತದಂತೆ. ಹೊಗೆಯೋ ಧೂಳೋ ಕೆಣಕಿದರೆ ಸಾಕು, ಹಿಂದುಮುಂದು ವಿಚಾರಿಸದೆ ಕೂಗು ಹಾಕುವುದು ಅದರ ಕೆಲಸ. ಕೆಲವು ಮಕ್ಕಳಲ್ಲಿ ಆ ಕೂಗು ಅತಿ ಜೋರು. ಅದನ್ನು ಕೇಳಿ ಮೈಯ ಉಳಿದ ಪಡೆಯೂ ಓಡಿ ಬಂದು, ಏನೂ ಮಾಡದ ಧೂಳಿನ ಮೇಲೂ ಹಗೆ ಸಾಧಿಸುತ್ತದಂತೆ.

"ಹಂಗಾರೆ ಇದು ನನ್ ಮೂಗೇ ಕಣಪ್ಪ," ಅಂದಳು ಅಜ್ಜಿ. ಗೇಟು ಕಿರ್ರೆಂದರೆ ಬಂದವನು ಸ್ವಂತ ಅಳಿಯನಾದರೂ "ಯಾರ್ಲಾ ಅದು" ಅಂತ ಬೀದಿಗೆ ಕೇಳುವಂತೆ ಗದರುವವಳು ಅವಳು.

ಅಮ್ಮ ನಗಲಿಲ್ಲ. ಇನ್ನು ನಿಟ್ಟೂರು ಬೇಡವೇ ಬೇಡ ಅಂದುಬಿಟ್ಟಳು. ನನಗೆ ಅಳು ಬಂತು. ಅಜ್ಜಿ ನನ್ನ ಕೈ ಹಿಡಿದುಕೊಂಡೇ ಇದ್ದಳು.

"ಹೊಗೆ ಬೇಕಾರೆ ಬುಡ್ತೀನಿ, ಮಗೀನ ಬುಡಾಕಾಗಲ್ಲ ಕಣೇ."

ಮುಂದಿನ ರಜೆಗೆ ಹೋದಾಗ ಬುಟ್ಟಿ ಅಟ್ಟ ಸೇರಿತ್ತು. ಅಜ್ಜಿ ನನ್ನನ್ನು ಜಗಲಿಯ ಬಿಸಿಲಲ್ಲಿ ಕೂರಿಸಿಕೊಂಡು, ಸೆರಗಿನಿಂದ ಎಳೆ ಎಳೆಯಾಗಿ ಕೂದಲು ಒರೆಸಿದಳು. ಕೈ ಸೋತರೆ ಕೈ ಬದಲಾಯಿಸುವಳು. ಸಾಂಬ್ರಾಣಿ ಇಲ್ಲದ ಶುಕ್ರವಾರ ಅವಳಿಗೆ ಶುಕ್ರವಾರ ಅನ್ನಿಸುತ್ತಲೇ ಇರಲಿಲ್ಲ ಎಂದು ಅಮ್ಮ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಅಜ್ಜಿ ನನ್ನೆದುರು ಒಂದು ದಿನವೂ ಆ ಮಾತು ಆಡಲಿಲ್ಲ.

ನಿನ್ನೆ ಹೊಗೆ ಚದುರಿದ ಮೇಲೆ ಮಗಳನ್ನು ತಾರಸಿಯ ಬಿಸಿಲಿಗೆ ಕರೆದೊಯ್ದು, ದುಪಟ್ಟಾದಲ್ಲಿ ಅವಳ ಕೂದಲು ಒರೆಸತೊಡಗಿದೆ. ಡ್ರೈಯರ್ ಇದೆಯಲ್ಲ ಅಂದಳು.

"ಇರ್ಲಿ ಬುಡು," ಅಂದೆ.

ಸ್ವಲ್ಪ ಹೊತ್ತಿಗೆ ಕೈ ಸೋತಿತು. ಕೈ ಬದಲಾಯಿಸಿದೆ.