ಅನುಭವ ಬೇಕು, ವಯಸ್ಸು ಬೇಡ

ಗೆಳೆಯರೇ, ಇವತ್ತು ತಾರಿಹಾಳದ ಕಾರ್ಖಾನೆಯೊಂದಕ್ಕೆ ಸಂದರ್ಶನಕ್ಕೆ ಹೋಗಿದ್ದೆ. ಸೇನೆಯ ವಾಹನಗಳಿಗೆ ಬಿಡಿಭಾಗ ಮಾಡಿಕೊಡುವ ಗುತ್ತಿಗೆ ಅವರದು. ಅಂಥ ಭಾಗಗಳ ಗುಣಮಟ್ಟ ಪರೀಕ್ಷಿಸುತ್ತಲೇ ನನ್ನ ತಲೆ ನರೆತಿದೆ. ಹಳೆಯ ಕಂಪನಿ ಮುಚ್ಚಿದ ಮೇಲೆ ಮನೆಯಲ್ಲಿ ಬರೀ ಚಡಪಡಿಕೆ.

ಮ್ಯಾನೇಜರ್ ನನ್ನ ಕೂದಲು ನೋಡುತ್ತಾ, “ಮೇಡಂ, ನಿಮ್ಮ ಅನುಭವ ಭಾಳ ಛಲೋ ಐತ್ರಿ. ಆದ್ರ ನಮಗ ಹರೇದವರು ಬೇಕಾಗ್ಯಾರ” ಎಂದ. ನಾನು ಎದ್ದು ಬಾಗಿಲಿಗೆ ಬಂದರೆ ಹಿಂದೆಯೇ ಬಂದು, “ಹೊಸದಾಗಿ ತಗೊಂಡವರಿಗೆ ನಾಕ್ ದಿನ ಕೆಲಸ ಕಲಿಸಿ ಹೋಗ್ತೀರೇನ್ರಿ?” ಎಂದು ಕೇಳಿದ.

“ಕಲಿಸಾಕ ಬಂದ್ರ ನನ್ನ ವಯಸ್ಸು ಇಳೀತೈತೇನ್ರಿ?” ಎಂದು ಕೇಳಿ ಹೊರಬಿದ್ದೆ.

ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು, “ಕುಂದರ್ರಿ ಅಜ್ಜಿ” ಎಂದಳು. “ನಾ ಒಲ್ಲೆ” ಎಂದು ಸಿಟ್ಟಿನಲ್ಲಿ ಹುಬ್ಬಳ್ಳಿಯವರೆಗೂ ನಿಂತೇ ಬಂದೆ. ಈಗ ನೋಡಿದರೆ ನನ್ನ ಮೊಣಕಾಲುಗಳೂ ಮ್ಯಾನೇಜರನ ಪಕ್ಷ ಸೇರಿವೆ.